ಎಎನ್‌ಎ ಕಿಟ್‌ಗಳ ವಿಮರ್ಶೆ: ಸ್ಲೈಡ್, ಎಲಿಸಾ, ಸ್ಟ್ರಿಪ್ – ಯಾವುದನ್ನು ಎಷ್ಟು ನಂಬಬಹುದು?

ಒಂದೇ ಟ್ಯೂಬಿನ ರಕ್ತ. ಸ್ಲೈಡಿನಲ್ಲಿ ನೋಡಿದರೆ ಎಎನ್‌ಎ (ಕೋಶದ ನ್ಯೂಕ್ಲಿಯಸ್ಸಿನ ವಿರುದ್ಧದ ಪ್ರತಿಕಾಯ) ಪಾಸಿಟಿವ್, ಎಲಿಸಾದಲ್ಲಿ (ತಟ್ಟೆಯಲ್ಲಿ ಬಣ್ಣದ ಪ್ರಮಾಣ ಅಳೆಯುವ ಪರೀಕ್ಷೆಯಲ್ಲಿ) ನೆಗೆಟಿವ್. ಇಂಥ ಎರಡು ವರದಿ ಕೈಗೆ ಬಂದರೆ ಯಾವುದೋ ಒಂದು ಲ್ಯಾಬ್ ತಪ್ಪು ಮಾಡಿದೆ ಅಂದುಕೊಳ್ಳುವವರೇ ಹೆಚ್ಚು. ಬಹಳಷ್ಟು ಸಲ ಯಾರೂ ತಪ್ಪು ಮಾಡಿರುವುದಿಲ್ಲ. ಎರಡು ಕಿಟ್‌ಗಳು ರಕ್ತವನ್ನು ಎರಡು ಬೇರೆ ಪ್ರಶ್ನೆ ಕೇಳಿರುತ್ತವೆ, ಅಷ್ಟೆ. ಆಟೋಆಂಟಿಬಾಡಿ, ಅಂದರೆ ದೇಹದ ಸ್ವಂತ ಅಂಶಗಳ ವಿರುದ್ಧವೇ ಹುಟ್ಟುವ ಪ್ರತಿಕಾಯ, ಪತ್ತೆ ಮಾಡಲು ಲ್ಯಾಬ್‌ಗಳು ಬಳಸುವ ಮೂರು ಬಗೆಯ ಕಿಟ್‌ಗಳನ್ನು ಇಲ್ಲಿ ಒಂದರ ಪಕ್ಕ ಒಂದು ಇಟ್ಟು ನೋಡಿದ್ದೇವೆ. ಕೊನೆಯಲ್ಲಿ ‘ಆಟೋಇಮ್ಯೂನ್ ಪ್ಯಾಕೇಜ್’ ಹೆಸರಿನಲ್ಲಿ ಮಾರುವ ದೊಡ್ಡ ಪ್ಯಾನೆಲ್‌ಗಳ ಬಗ್ಗೆಯೂ ನಾಲ್ಕು ಮಾತಿದೆ. ಅದು ಹೊಗಳಿಕೆಯಲ್ಲ.

ಸ್ಲೈಡ್: ಹಳೆಯದು, ಆದರೂ ಮೊದಲನೆಯದು

ನ್ಯೂಕ್ಲಿಯಸ್ಸಿನ ವಿರುದ್ಧದ ಪ್ರತಿಕಾಯಗಳನ್ನು ಹೊಳೆಯುವ ಬಣ್ಣದಿಂದ ಹಿಡಿಯುವ ಈ ವಿಧಾನ 1957ರಿಂದ ಇದೆ. ಮೊದಲು ಇಲಿಯ ಯಕೃತ್ತು, ಮೂತ್ರಪಿಂಡದ ಸೀಳುಗಳನ್ನು ಬಳಸುತ್ತಿದ್ದರು. ಆ ಜಾಗಕ್ಕೆ ಈಗ ಹೆಪ್-2 ಎಂಬ ಮಾನವ ಕೋಶಗಳು ಬಂದಿವೆ. ಇವುಗಳ ನ್ಯೂಕ್ಲಿಯಸ್ ದೊಡ್ಡದು, ಜೊತೆಗೆ ವಿಭಜನೆಯ ಬೇರೆ ಬೇರೆ ಹಂತದ ಕೋಶಗಳೂ ಅದೇ ಬಾವಿಯಲ್ಲಿ (ಮಾದರಿ ಹಾಕಲು ಸ್ಲೈಡಿನ ಮೇಲಿರುವ ಪುಟ್ಟ ವೃತ್ತದಲ್ಲಿ) ಸಿಗುತ್ತವೆ. ಇಡೀ ಕೋಶವೇ ಗಾಜಿನ ಮೇಲೆ ಅಂಟಿಕೊಂಡಿರುವುದರಿಂದ ಕಿಟ್ ತಯಾರಕರು ‘ಇಂತಿಂಥ ಪ್ರತಿಜನಕ (ಪ್ರತಿಕಾಯ ಅಂಟಿಕೊಳ್ಳುವ ಅಂಶ) ಸಾಕು’ ಎಂದು ಆರಿಸಿ ಹಾಕುವ ಪ್ರಶ್ನೆಯೇ ಇಲ್ಲ. ನೂರಕ್ಕೂ ಹೆಚ್ಚು ಪ್ರತಿಜನಕಗಳು ತಮ್ಮ ತಮ್ಮ ಜಾಗದಲ್ಲೇ ಇರುತ್ತವೆ. ಈ ಕಿಟ್‌ನ ದೊಡ್ಡ ಶಕ್ತಿ ಇದೇ.

ಕೆಲಸ ಸರಳ, ಆದರೆ ಪ್ರತಿ ಹಂತದಲ್ಲೂ ಎಡವಲು ಜಾಗವಿದೆ. ಫ್ರಿಜ್‌ನಿಂದ ತೆಗೆದ ಸ್ಲೈಡಿನ ಪೊಟ್ಟಣವನ್ನು ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ಒಡೆಯಬೇಕು. ತಣ್ಣಗಿರುವಾಗಲೇ ಒಡೆದರೆ ಗಾಜಿನ ಮೇಲೆ ಇಬ್ಬನಿ ಕೂತು ಕೋಶಗಳು ಹಾಳಾಗುತ್ತವೆ. 1:80 ದುರ್ಬಲೀಕರಣಕ್ಕೆ 10 ಮೈಕ್ರೋಲೀಟರ್ ಸೀರಮ್ (ರಕ್ತದ ತಿಳಿ ದ್ರವ), 790 ಮೈಕ್ರೋಲೀಟರ್ ಪಿಬಿಎಸ್ ಎಂಬ ಉಪ್ಪಿನ ಬಫರ್ ದ್ರಾವಣ. ಬಾವಿಗೆ 25ರಿಂದ 30 ಮೈಕ್ರೋಲೀಟರ್ ಹಾಕಿ, ಒದ್ದೆ ಕಾಗದ ಹಾಸಿದ ಮುಚ್ಚಿದ ಡಬ್ಬಿಯಲ್ಲಿ 30 ನಿಮಿಷ. ಆಮೇಲೆ ಪಿಬಿಎಸ್‌ನಲ್ಲಿ ತೊಳೆತ. ತೊಳೆಯುವ ಧಾರೆ ಬಾವಿಯ ಮೇಲೆ ನೇರವಾಗಿ ಬೀಳಬಾರದು: ಕೋಶ ಕಿತ್ತುಹೋಗುತ್ತದೆ, ಒಂದು ಬಾವಿಯ ಸೀರಮ್ ಪಕ್ಕದ ಬಾವಿಗೆ ಹರಿಯುತ್ತದೆ. ನಂತರ ಎಫ್‌ಐಟಿಸಿ ಕಾಂಜುಗೇಟ್ (ಹಸಿರು ಹೊಳೆಯುವ ಬಣ್ಣ ಕಟ್ಟಿದ, ರೋಗಿಯ ಪ್ರತಿಕಾಯಕ್ಕೆ ಅಂಟುವ ದ್ರಾವಣ) ಹಾಕಿ ಕತ್ತಲಲ್ಲಿ ಇನ್ನು 30 ನಿಮಿಷ, ಮತ್ತೆ ತೊಳೆತ, ಗ್ಲಿಸರಾಲ್ ಮಾಧ್ಯಮ, ಕವರ್‌ಸ್ಲಿಪ್. ಸಮಯ, ಪ್ರಮಾಣ ಕಿಟ್‌ನಿಂದ ಕಿಟ್‌ಗೆ ಸ್ವಲ್ಪ ಬದಲಾಗುತ್ತವೆ. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಇರುವುದೇ ಅಂತಿಮ.

ಹೆಚ್ಚು ಸ್ಲೈಡ್‌ಗಳನ್ನು ಕೆಡಿಸುವುದು ಒಣಗುವಿಕೆ. ಹನಿಯ ಅಂಚು ಒಣಗಿದರೆ ಆ ಅಂಚಿನ ಕೋಶಗಳೆಲ್ಲ ಸುಳ್ಳು ಹಸಿರು ಹೊಳೆಯುತ್ತವೆ. ಬಾವಿಯ ನಡುವೆ ಮಂಕು, ಅಂಚಿನಲ್ಲಿ ಪ್ರಖರ ಅಂತ ಕಂಡರೆ ಅದು ರೋಗವಲ್ಲ, ಒಣಗಿದ ಸ್ಲೈಡ್. ಎರಡನೆಯದು ಮಾಧ್ಯಮದ ಪಿಎಚ್. ಎಫ್‌ಐಟಿಸಿ ಕ್ಷಾರೀಯ ಮಾಧ್ಯಮದಲ್ಲಿ ಚೆನ್ನಾಗಿ ಹೊಳೆಯುತ್ತದೆ, ಆಮ್ಲೀಯವಾದರೆ ಮಂಕಾಗುತ್ತದೆ. ತಿಂಗಳುಗಟ್ಟಲೆ ಮುಚ್ಚಳ ಸರಿಯಾಗಿ ಹಾಕದೆ ಇಟ್ಟ ಗ್ಲಿಸರಾಲ್ ಬಾಟಲಿ ಟೈಟರನ್ನೇ (ಸೀರಮ್ ಪಾಸಿಟಿವ್ ಆಗಿ ಉಳಿಯುವ ಕೊನೆಯ ದುರ್ಬಲೀಕರಣವನ್ನೇ) ಇಳಿಸಿಬಿಡಬಲ್ಲದು. ಮೂರನೆಯದು ಸೂಕ್ಷ್ಮದರ್ಶಕದ ದೀಪ. ಪಾದರಸದ ದೀಪದ ಆಯಸ್ಸು ನೂರರಿಂದ ಇನ್ನೂರು ಗಂಟೆ ಮಾತ್ರ. ಹಳೆಯ ದೀಪದ ಕೆಳಗೆ 1:320 ಇದ್ದದ್ದು 1:80 ಆಗಿ ಕಾಣಬಹುದು. ಎಲ್‌ಇಡಿ ದೀಪದ ಸೂಕ್ಷ್ಮದರ್ಶಕ ಈ ತಲೆನೋವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಹೊಸದಾಗಿ ಕೊಳ್ಳುವವರು ಬೇರೆ ಯೋಚಿಸುವುದೇ ಬೇಡ.

ಆದರೆ ಈ ಕಿಟ್‌ನ ನಿಜವಾದ ಬಿಡಿಭಾಗ ಓದುವವರ ಕಣ್ಣು. ಕಣ್ಣು ಹೋಗಬೇಕಾದ್ದು ವಿಭಜನೆಯಾಗುತ್ತಿರುವ ಕೋಶದ ಕಡೆಗೆ. ಸುತ್ತಲಿನ ಸಾಮಾನ್ಯ ಕೋಶಗಳ ನ್ಯೂಕ್ಲಿಯಸ್ ಇಡಿಯಾಗಿ ಸಮನಾಗಿ ಹೊಳೆಯುತ್ತಿದ್ದು, ಮೆಟಾಫೇಸ್ (ವಿಭಜನೆಯ ನಡುವಿನ ಹಂತ) ಕೋಶದ ನಡುವೆ ಸಾಲುಗಟ್ಟಿರುವ ಕ್ರೋಮೋಸೋಮ್ ಪಟ್ಟಿಯೂ ನಯವಾಗಿ ಪ್ರಖರವಾಗಿದ್ದರೆ ಅದು ಹೋಮೋಜೀನಿಯಸ್. ಡಿಎನ್‌ಎ, ಹಿಸ್ಟೋನ್, ನ್ಯೂಕ್ಲಿಯೋಸೋಮ್ ಕಡೆಗೆ ಬೆರಳು ತೋರಿಸುತ್ತದೆ. ನ್ಯೂಕ್ಲಿಯಸ್ ಚುಕ್ಕಿಚುಕ್ಕಿಯಾಗಿದ್ದು ಮೆಟಾಫೇಸ್ ಪಟ್ಟಿ ಕಪ್ಪಾಗಿದ್ದರೆ ಸ್ಪೆಕಲ್ಡ್. ಎಸ್‌ಎಂ, ಆರ್‌ಎನ್‌ಪಿ, ಎಸ್‌ಎಸ್‌ಎ, ಎಸ್‌ಎಸ್‌ಬಿ ಎಂಬ ಪ್ರತಿಜನಕಗಳ ವಿರುದ್ಧದ ಪ್ರತಿಕಾಯ ಹುಡುಕಬೇಕು. ನ್ಯೂಕ್ಲಿಯಸ್ಸೂ ಕಾಳುಕಾಳು, ಮೆಟಾಫೇಸ್ ಪಟ್ಟಿಯೂ ಕಾಳುಕಾಳಾಗಿ ಪ್ರಖರ ಅಂದರೆ ಡೆನ್ಸ್ ಫೈನ್ ಸ್ಪೆಕಲ್ಡ್. ಇದು ಆರೋಗ್ಯವಂತರಲ್ಲೂ ಕಾಣುವ ಡಿಎಫ್‌ಎಸ್-70 ಪ್ರತಿಕಾಯದ ಗುರುತು. ಪ್ರತ್ಯೇಕ ಪರೀಕ್ಷೆಯಲ್ಲಿ ಅದು ಖಚಿತವಾಗಿ, ಜೊತೆಗೆ ಬೇರಾವ ಪ್ರತಿಕಾಯವೂ ಸಿಗದಿದ್ದರೆ ದೇಹವ್ಯಾಪಿ ಆಟೋಇಮ್ಯೂನ್ ಕಾಯಿಲೆಯ ಸಾಧ್ಯತೆ ಕಡಿಮೆಯಾಗುತ್ತದೆ. ಮೆಟಾಫೇಸ್ ನೋಡದೆ ಬರೆದ ವರದಿಯಲ್ಲಿ ಇದೇ ‘ಹೋಮೋಜೀನಿಯಸ್, ಸ್ಟ್ರಾಂಗ್ ಪಾಸಿಟಿವ್’ ಆಗಿ ಹೊರಬಂದು, ಆರೋಗ್ಯವಾಗಿರುವ ಒಬ್ಬರನ್ನು ಲೂಪಸ್ ಎಂಬ ದೇಹವ್ಯಾಪಿ ಆಟೋಇಮ್ಯೂನ್ ಕಾಯಿಲೆಯ ಭಯಕ್ಕೆ ತಳ್ಳುತ್ತದೆ. ಎಲ್ಲಕ್ಕಿಂತ ಸುಲಭ ಸೆಂಟ್ರೊಮಿಯರ್: ಪ್ರತಿ ನ್ಯೂಕ್ಲಿಯಸ್ಸಿನಲ್ಲಿ 40ರಿಂದ 80 ಬಿಡಿಬಿಡಿ ಚುಕ್ಕಿ, ಮೆಟಾಫೇಸ್‌ನಲ್ಲಿ ಅವೇ ಚುಕ್ಕಿಗಳು ಸಾಲಾಗಿ ನಿಂತಿರುತ್ತವೆ. ಇದನ್ನು ತಪ್ಪಾಗಿ ಓದುವ ಲ್ಯಾಬ್ ಬೇರೆ ಪ್ಯಾಟರ್ನ್‌ಗಳನ್ನು ಸರಿಯಾಗಿ ಓದೀತು ಎಂಬ ಭರವಸೆ ನಮಗಿಲ್ಲ.

ಪ್ಯಾಟರ್ನ್‌ಗಳಿಗೆ ಅಂತಾರಾಷ್ಟ್ರೀಯ ಒಮ್ಮತದ ಸಂಖ್ಯೆಗಳಿವೆ: ಎಸಿ-0 ನೆಗೆಟಿವ್, ಎಸಿ-1 ಹೋಮೋಜೀನಿಯಸ್, ಎಸಿ-2 ಡೆನ್ಸ್ ಫೈನ್ ಸ್ಪೆಕಲ್ಡ್, ಎಸಿ-3 ಸೆಂಟ್ರೊಮಿಯರ್, ಹೀಗೆ ಮುಂದೆ. ವರದಿಯಲ್ಲಿ ಈ ಸಂಖ್ಯೆ ಇದ್ದರೆ ಓದಿದವರು ಸ್ವಲ್ಪ ಶ್ರದ್ಧೆಯಿಂದ ಓದಿದ್ದಾರೆ ಅನ್ನಬಹುದು.

ಈಗ ದೌರ್ಬಲ್ಯಗಳು. ಎಸ್‌ಎಸ್‌ಎ ಅಥವಾ ರೋ-60 ಪ್ರತಿಕಾಯ ಸ್ಲೈಡಿನಲ್ಲಿ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. ಕೋಶವನ್ನು ಗಾಜಿಗೆ ಸ್ಥಿರಗೊಳಿಸುವಾಗ ಆ ಪ್ರತಿಜನಕ ಕಳೆದುಹೋಗುವುದು ಒಂದು ಕಾರಣ. ರೋ-60 ಹೆಚ್ಚಾಗಿ ತಯಾರಿಸುವಂತೆ ಮಾರ್ಪಡಿಸಿದ ಕೋಶಗಳ ಸ್ಲೈಡ್ ಇದಕ್ಕೆಂದೇ ಸಿಗುತ್ತದೆ. ಜೋ-1, ರೈಬೋಸೋಮಲ್-ಪಿ ಪ್ರತಿಕಾಯಗಳ ಹೊಳಪು ನ್ಯೂಕ್ಲಿಯಸ್ಸಿನಲ್ಲಿ ಅಲ್ಲ, ಅದರ ಸುತ್ತಲಿನ ಸೈಟೋಪ್ಲಾಸಂನಲ್ಲಿ. ‘ಎಎನ್‌ಎ ನೆಗೆಟಿವ್’ ಎಂದು ಬರೆದು ಸೈಟೋಪ್ಲಾಸಂ ಬಗ್ಗೆ ಮೌನವಾಗಿರುವ ವರದಿ ಸ್ನಾಯುಗಳ ಉರಿಯೂತ ಇರುವ ರೋಗಿಗೆ ದ್ರೋಹ ಮಾಡುತ್ತದೆ. ಬಾಯಿ, ಕಣ್ಣು ಒಣಗುವುದು, ಸ್ನಾಯು ನೋವು–ನಿಶ್ಶಕ್ತಿ, ಕಾರಣ ತಿಳಿಯದ ಶ್ವಾಸಕೋಶದ ತೊಂದರೆ ಇದ್ದಾಗ ಸ್ಲೈಡ್ ನೆಗೆಟಿವ್ ಬಂದರೂ ರೋ, ಜೋ-1 ಬೇರೆಯಾಗಿ ನೋಡಿಸುವುದು ನ್ಯಾಯ.

ಟೈಟರ್ ಬಗ್ಗೆ ಒಂದು ಮಾತು. ಹಲವು ಪ್ರಯೋಗಾಲಯಗಳು ಸೇರಿ ಮಾಡಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರ ಪೈಕಿ 1:40ರಲ್ಲಿ ಶೇ. 31.7, 1:80ರಲ್ಲಿ ಶೇ. 13.3, 1:160ರಲ್ಲಿ ಶೇ. 5, 1:320ರಲ್ಲಿ ಶೇ. 3.3 ಜನ ಪಾಸಿಟಿವ್ ಆಗಿದ್ದರು. ಅಂದರೆ ಯಾವ ಲಕ್ಷಣವೂ ಇಲ್ಲದ ಸಾವಿರ ಜನರಿಗೆ 1:80ರಲ್ಲಿ ಪರೀಕ್ಷೆ ಮಾಡಿದರೆ ಸುಮಾರು 130 ಜನ ಸುಮ್ಮನೆ ಪಾಸಿಟಿವ್. ಹೀಗಿದ್ದೂ 2019ರ ಯುಲಾರ್–ಎಸಿಆರ್ (ಯುರೋಪ್ ಮತ್ತು ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಗಳ) ಲೂಪಸ್ ವರ್ಗೀಕರಣ 1:80ನ್ನೇ ಪ್ರವೇಶದ ಬಾಗಿಲಾಗಿ ಇಟ್ಟುಕೊಂಡಿದೆ. ಏಕೆಂದರೆ ಅಲ್ಲಿ ಅದರ ಕೆಲಸ ಲೂಪಸ್ ಇದೆ ಅನ್ನುವುದಲ್ಲ, ನೆಗೆಟಿವ್ ಆದವರನ್ನು ಹೊರಗಿಡುವುದು. ಆ ಮಟ್ಟದಲ್ಲಿ ಲೂಪಸ್ ರೋಗಿಗಳಲ್ಲಿ ಶೇ. 98ರಷ್ಟು ಮಂದಿ ಪಾಸಿಟಿವ್. ಇನ್ನೊಂದು: ಒಂದು ಹೆಜ್ಜೆಯ ವ್ಯತ್ಯಾಸ ವ್ಯತ್ಯಾಸವೇ ಅಲ್ಲ. ಹಿಂದಿನ ಸಲ 1:160, ಈ ಸಲ 1:320 ಬಂದರೆ ಕಾಯಿಲೆ ದುಪ್ಪಟ್ಟಾಯಿತು ಎಂದು ಕಂಗಾಲಾಗಬೇಕಿಲ್ಲ. ಅದೇ ಸೀರಮನ್ನು ಅದೇ ದಿನ ಎರಡು ಸಲ ಹಚ್ಚಿದರೂ ಅಷ್ಟು ಆಚೀಚೆ ಆಗುತ್ತದೆ. ರೋಗ ಖಚಿತವಾದ ಮೇಲೆ ಎಎನ್‌ಎ ಪದೇ ಪದೇ ಮಾಡಿಸುವುದರಿಂದ ಏನೂ ತಿಳಿಯುವುದಿಲ್ಲ.

ಯಂತ್ರವೇ ಓದಿ ಹೇಳುವ ಸ್ಲೈಡ್ ರೀಡರ್‌ಗಳು ನೆಗೆಟಿವ್‌ಗಳನ್ನು ಬದಿಗೆ ಸರಿಸಲು ಒಳ್ಳೆಯವು. ಎರಡು ಪ್ಯಾಟರ್ನ್ ಬೆರೆತಾಗ ಅವೂ ತಡವರಿಸುತ್ತವೆ, ಕೊನೆಯ ಸಹಿ ಮನುಷ್ಯನದೇ ಇರಬೇಕು.

ಎಲಿಸಾ: ವೇಗ ಇದೆ, ಆದರೆ ಬಾವಿಯಲ್ಲಿ ಏನಿದೆ ಕೇಳಿ

ದಿನಕ್ಕೆ ನೂರಾರು ಮಾದರಿ ಬರುವ ಲ್ಯಾಬ್‌ಗೆ ಎಲಿಸಾ ಅನುಕೂಲ. 96 ಬಾವಿಯ ತಟ್ಟೆ, ಅಂಕಿಯಲ್ಲಿ ಬರುವ ಫಲಿತಾಂಶ, ಕತ್ತಲ ಕೋಣೆಯೂ ಬೇಡ, ತರಬೇತಾದ ಕಣ್ಣೂ ಬೇಡ. 10 ಮೈಕ್ರೋಲೀಟರ್ ಸೀರಮ್ಮಿಗೆ 1 ಮಿಲಿಲೀಟರ್ ಬಫರ್, ಬಾವಿಗೆ 100 ಮೈಕ್ರೋಲೀಟರ್, ಅರ್ಧ ಗಂಟೆ, ಮೂರು ತೊಳೆತ, ಕಾಂಜುಗೇಟ್, ಮತ್ತೆ ತೊಳೆತ, ಟಿಎಂಬಿ ಎಂಬ ಬಣ್ಣ ಬರಿಸುವ ದ್ರಾವಣ, ಆಮ್ಲ ಹಾಕಿ ನಿಲ್ಲಿಸಿ 450 ನ್ಯಾನೋಮೀಟರ್‌ನಲ್ಲಿ ಓದು.

ಕೆಡುವುದು ಹೆಚ್ಚಾಗಿ ತೊಳೆಯುವಾಗ. ವಾಷರ್‌ನ ಒಂದು ಸೂಜಿ ಕಟ್ಟಿಕೊಂಡರೆ ಆ ಸಾಲಿನಲ್ಲಿ ಮಾತ್ರ ಎಲ್ಲ ಫಲಿತಾಂಶ ಏರಿರುತ್ತದೆ; ಹಾಗಾಗಿ ಪಾಸಿಟಿವ್‌ಗಳು ತಟ್ಟೆಯಲ್ಲಿ ಎಲ್ಲಿ ಕುಳಿತಿವೆ ಎಂದು ಒಮ್ಮೆ ನಕ್ಷೆ ನೋಡುವುದು ಒಳ್ಳೆಯ ಅಭ್ಯಾಸ. ತಣ್ಣನೆಯ ತಟ್ಟೆಯನ್ನು ನೇರವಾಗಿ ಬಳಸಿದರೆ ಅಂಚಿನ ಬಾವಿಗಳು ಬೇಗ ಬೆಚ್ಚಗಾಗಿ ಬಣ್ಣ ಹೆಚ್ಚು ಬರುತ್ತದೆ. ತಟ್ಟೆಯ ಮೊದಲ ಬಾವಿಗೂ ಕೊನೆಯ ಬಾವಿಗೂ ಹಾಕುವ ಸಮಯದಲ್ಲಿ ಹತ್ತು ನಿಮಿಷ ಅಂತರ ಬಿದ್ದರೆ ಅದೂ ಅಂಕಿಯಲ್ಲಿ ಕಾಣುತ್ತದೆ. ಇನ್ನೊಂದು ಕಣ್ಣಿಗೆ ಬೀಳದ ಶತ್ರು ಸೋಡಿಯಂ ಅಜೈಡ್: ಬಫರ್ ಕೆಡದಿರಲಿ ಎಂದು ಬೇರೆ ಕಡೆ ಹಾಕುವ ಈ ರಾಸಾಯನಿಕ ಇಲ್ಲಿನ ಪೆರಾಕ್ಸಿಡೇಸ್ ಕಿಣ್ವವನ್ನೇ ತಡೆಯುತ್ತದೆ. ಬೇರೆ ಕಿಟ್‌ನ ಬಫರ್ ಎತ್ತಿ ಇಲ್ಲಿಗೆ ಹಾಕಿದಾಗ ಕಂಟ್ರೋಲ್ ಸಹಿತ ಎಲ್ಲ ಮಂಕಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನು.

ಇವೆಲ್ಲ ಸರಿಪಡಿಸಬಹುದಾದ ತೊಂದರೆಗಳು. ಸರಿಪಡಿಸಲಾಗದ್ದು ಒಂದಿದೆ: ಬಾವಿಗೆ ಅಂಟಿಸದ ಪ್ರತಿಜನಕವನ್ನು ಎಲಿಸಾ ಎಂದಿಗೂ ಕಾಣಲಾರದು. ಕೆಲವು ಸ್ಕ್ರೀನಿಂಗ್ ಕಿಟ್‌ಗಳಲ್ಲಿ ಇಡೀ ನ್ಯೂಕ್ಲಿಯಸ್ಸಿನ ಸಾರ ಇರುತ್ತದೆ, ಕೆಲವಲ್ಲಿ ಆರಿಸಿ ಶುದ್ಧಗೊಳಿಸಿದ ಎಂಟು–ಹತ್ತು ಪ್ರತಿಜನಕಗಳ ಮಿಶ್ರಣ ಮಾತ್ರ. ಎರಡನೆಯದರಲ್ಲಿ ನ್ಯೂಕ್ಲಿಯೋಲಸ್ಸಿನ (ನ್ಯೂಕ್ಲಿಯಸ್ಸಿನೊಳಗಿನ ದುಂಡು ಭಾಗದ) ಪ್ರತಿಕಾಯಗಳು, ಆರ್‌ಎನ್‌ಎ ಪಾಲಿಮರೇಸ್-3 ಪ್ರತಿಕಾಯ ಇವೆಲ್ಲ ತಪ್ಪಿಹೋಗುವುದು ಸಾಮಾನ್ಯ. ಚರ್ಮ ಗಟ್ಟಿಯಾಗುವ ಸಿಸ್ಟೆಮಿಕ್ ಸ್ಕ್ಲೆರೋಸಿಸ್‌ನಲ್ಲಿ ಈ ಪಾಲಿಮರೇಸ್ ಪ್ರತಿಕಾಯ ಇದ್ದವರಿಗೆ ಮೂತ್ರಪಿಂಡದ ತುರ್ತು ಸ್ಥಿತಿಯ ಅಪಾಯ ಹೆಚ್ಚು. ಅಂಥವರಿಗೆ ‘ಎಎನ್‌ಎ ನೆಗೆಟಿವ್’ ಎಂಬ ಹಾಳೆ ಕೊಟ್ಟು ಕಳಿಸುವುದು ಸಣ್ಣ ತಪ್ಪಲ್ಲ. ಆದ್ದರಿಂದ ಎಲಿಸಾದಲ್ಲಿ ಮಾಡಿದ ಎಎನ್‌ಎ ವರದಿಯಲ್ಲಿ ವಿಧಾನದ ಹೆಸರು ಇರಲೇಬೇಕು. ಸಂಧಿವಾತ ತಜ್ಞರ ಅಮೆರಿಕನ್ ಸಂಸ್ಥೆ ಎಸಿಆರ್ ಕೂಡ ಎಎನ್‌ಎಗೆ ಸ್ಲೈಡ್ ವಿಧಾನವೇ ಮಾನದಂಡ, ಬೇರೆ ವಿಧಾನ ಬಳಸಿದರೆ ಅದನ್ನು ವರದಿಯಲ್ಲಿ ಹೇಳಬೇಕು ಎಂಬ ನಿಲುವು ತಳೆದಿದೆ.

ಒಂದೊಂದೇ ಪ್ರತಿಕಾಯವನ್ನು ಅಳೆಯಲು ಮಾತ್ರ ಎಲಿಸಾ ಚೆನ್ನ. ಅಲ್ಲಿಯೂ ಒಂದು ಕಂಪನಿಯ ಯೂನಿಟ್ಟನ್ನು ಇನ್ನೊಂದರ ಜೊತೆ ಹೋಲಿಸಬಾರದು. ಡಿಎಸ್-ಡಿಎನ್‌ಎ (ಎರಡೆಳೆಯ ಡಿಎನ್‌ಎ) ಪ್ರತಿಕಾಯದ ಏರಿಳಿತ ಗಮನಿಸುತ್ತಿರುವ ಲೂಪಸ್ ರೋಗಿ ಲ್ಯಾಬ್ ಬದಲಿಸಿದರೆ ಹಳೆಯ ಅಂಕಿಗಳಿಗೆ ಎಳ್ಳುನೀರು ಬಿಟ್ಟಂತೆ.

ಡಿಎಸ್-ಡಿಎನ್‌ಎ ವಿಷಯದಲ್ಲಿ ಎಲಿಸಾದ ಒಂದು ದೋಷ ತಿಳಿದಿರಲಿ: ಸಡಿಲವಾಗಿ ಅಂಟುವ ಪ್ರತಿಕಾಯಗಳನ್ನೂ ಅದು ಹಿಡಿದುಬಿಡುತ್ತದೆ, ಹಾಗಾಗಿ ಸುಳ್ಳು ಪಾಸಿಟಿವ್ ಹೆಚ್ಚು. ಕ್ರಿಥಿಡಿಯಾ ಎಂಬ ಏಕಕೋಶ ಜೀವಿಯ ಸ್ಲೈಡ್ ಇದಕ್ಕೆ ಒಳ್ಳೆಯ ಸಾಕ್ಷಿ. ಆ ಜೀವಿಯ ಕೈನೆಟೋಪ್ಲಾಸ್ಟ್ ಎಂಬ ಪುಟ್ಟ ಭಾಗದಲ್ಲಿ ಡಿಎನ್‌ಎ ಇದೆ, ಮಾನವ ನ್ಯೂಕ್ಲಿಯಸ್ಸಿನ ಇತರ ಪ್ರತಿಜನಕಗಳಿಲ್ಲ. ಅದು ಹೊಳೆದರೆ ಮಾತಿಗೆ ತೂಕ ಬರುತ್ತದೆ. ಓದುವಾಗ ಅದರ ನ್ಯೂಕ್ಲಿಯಸ್ ಅಥವಾ ಬಾಲದ ಬುಡ ಹೊಳೆದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಇದು ಎಲಿಸಾದಷ್ಟು ಸೂಕ್ಷ್ಮವಲ್ಲ, ಆದ್ದರಿಂದ ಎಲಿಸಾ ಪಾಸಿಟಿವ್ ಬಂದ ಮೇಲೆ ಎರಡನೇ ಹೆಜ್ಜೆಯಾಗಿ ಬಳಸುವುದು ಸರಿ.

ಸ್ಟ್ರಿಪ್: ಸಾಕ್ಷಿಯಾಗಿ ಒಳ್ಳೆಯದು, ನ್ಯಾಯಾಧೀಶನಾಗಿ ಅಲ್ಲ

ಒಂದು ತೆಳ್ಳನೆಯ ಪಟ್ಟಿಯ ಮೇಲೆ ಹತ್ತು–ಹದಿನೈದು ಪ್ರತಿಜನಕಗಳ ಗೆರೆ. ಸೀರಮ್ಮಿನಲ್ಲಿ ಯಾವುದರ ಪ್ರತಿಕಾಯ ಇದೆಯೋ ಆ ಗೆರೆ ಬಣ್ಣ ಪಡೆಯುತ್ತದೆ. ಹೆಸರು ಹಿಡಿದು ಹೇಳುವುದರಿಂದ ವೈದ್ಯರಿಗೆ ಇಷ್ಟ, ಕೆಲಸ ಸುಲಭವಾದ್ದರಿಂದ ಲ್ಯಾಬ್‌ಗೂ ಇಷ್ಟ. ದುರ್ಬಲಗೊಳಿಸಿದ ಸೀರಮ್ 1.5 ಮಿಲಿಲೀಟರ್, ಅಲುಗಾಡುವ ತಟ್ಟೆಯ ಮೇಲೆ ಅರ್ಧ ಗಂಟೆ, ಐದೈದು ನಿಮಿಷದ ಮೂರು ತೊಳೆತ, ಕಾಂಜುಗೇಟ್, ಮತ್ತೆ ಮೂರು ತೊಳೆತ, ಬಣ್ಣದ ದ್ರಾವಣದಲ್ಲಿ ಹತ್ತು ನಿಮಿಷ: ಹೆಚ್ಚುಕಡಿಮೆ ಎಲ್ಲ ಕಿಟ್‌ಗಳ ಕ್ರಮ ಇದೇ. ಪಟ್ಟಿ ಮಗುಚಿ ಬಿದ್ದಿದ್ದರೆ, ಪಟ್ಟಿ ಇಟ್ಟ ನಾಲೆಯ ಒಂದು ತುದಿ ಒಣಗಿದ್ದರೆ ಅರ್ಧ ಗೆರೆಗಳು ಮೂಡುವುದಿಲ್ಲ. ಒದ್ದೆ ಇರುವಾಗಲೇ ಓದಿದರೆ ಗೆರೆ ಗಾಢವಾಗಿ ಕಾಣುತ್ತದೆ. ಪೂರ್ತಿ ಒಣಗಿದ ಮೇಲೆ ಸ್ಕ್ಯಾನ್ ಮಾಡಬೇಕು. ಕಂಟ್ರೋಲ್ ಗೆರೆ ಇಲ್ಲದ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕುವುದೇ ಸರಿ.

ಈ ಕಿಟ್‌ನ ಎಡವಟ್ಟು ತೆಳು ಗೆರೆಗಳಲ್ಲಿದೆ. ಅನುಮಾನ ಬಂದಾಗ ಸ್ಲೈಡ್ ಏನು ಹೇಳಿತ್ತು ಎಂದು ನೋಡಬೇಕು. ಸೆಂಟ್ರೊಮಿಯರ್ ಗೆರೆ ಮೂಡಿದ್ದರೆ ಸ್ಲೈಡಿನಲ್ಲಿ ಆ ಚುಕ್ಕಿಗಳು ಕಾಣಲೇಬೇಕು. ಎಸ್‌ಸಿಎಲ್-70 ಗೆರೆ ತೆಳ್ಳಗೆ ಇದ್ದು, ಸ್ಲೈಡ್ ನೆಗೆಟಿವ್ ಆಗಿ, ಬೆರಳು ಬಿಳಿಚಿಕೊಳ್ಳುವ ರೇನಾಡ್ಸ್ ಲಕ್ಷಣವೂ ಇಲ್ಲದಿದ್ದರೆ ಅದನ್ನು ಸ್ಕ್ಲೆರೋಡರ್ಮಾ (ಮೇಲೆ ಹೇಳಿದ ಸಿಸ್ಟೆಮಿಕ್ ಸ್ಕ್ಲೆರೋಸಿಸ್) ಎನ್ನಲು ಆತುರ ಬೇಡ. ರೋ-52 ಗೆರೆ ಒಂದೇ ಇದ್ದರೆ ಅದು ಯಾವ ಒಂದು ಕಾಯಿಲೆಯ ಹೆಸರನ್ನೂ ಹೇಳುವುದಿಲ್ಲ. ಸ್ನಾಯು ಉರಿಯೂತ, ಶ್ವಾಸಕೋಶದ ತೊಂದರೆ, ಯಕೃತ್ತಿನ ಕಾಯಿಲೆ ಎಲ್ಲದರಲ್ಲೂ ಬರುತ್ತದೆ. ರೋ-60 ಮತ್ತು ರೋ-52 ಎರಡನ್ನೂ ಬೇರೆ ಗೆರೆಯಾಗಿ ಕೊಡುವ ಸ್ಟ್ರಿಪ್ಪನ್ನೇ ಕೊಳ್ಳಿ, ಎರಡನ್ನೂ ‘ಎಸ್‌ಎಸ್‌ಎ’ ಎಂದು ಒಟ್ಟು ಮಾಡಿದ್ದು ಬೇಡ. ಆರ್‌ಎನ್‌ಪಿ/ಎಸ್‌ಎಂ ಗೆರೆ ಪಾಸಿಟಿವ್, ಎಸ್‌ಎಂ ಗೆರೆ ಒಂದೇ ನೆಗೆಟಿವ್ ಎಂದಾದರೆ ಅರ್ಥ ಆರ್‌ಎನ್‌ಪಿ. ಲೂಪಸ್‌ಗೆ ನಿರ್ದಿಷ್ಟವಾದ ಎಸ್‌ಎಂ ಅಲ್ಲ. ಇದನ್ನು ತಲೆಕೆಳಗಾಗಿ ಓದುವವರು ಬಹಳ. ಸ್ಟ್ರಿಪ್ ಮೇಲಿನ ಡಿಎಸ್-ಡಿಎನ್‌ಎ ಗೆರೆಯನ್ನಂತೂ ನಾವು ಲೆಕ್ಕಕ್ಕೇ ಇಡುವುದಿಲ್ಲ.

ಪ್ಯಾಕೇಜ್‌ಗಳು

ಇಪ್ಪತ್ತು ಪರೀಕ್ಷೆಗಳ ಪ್ಯಾನೆಲ್ ಎಂದುಕೊಳ್ಳಿ. ಪ್ರತಿಯೊಂದರಲ್ಲೂ ಆರೋಗ್ಯವಂತರಲ್ಲಿ ನೂರಕ್ಕೆ ಐದು ಸುಳ್ಳು ಪಾಸಿಟಿವ್, ಒಂದಕ್ಕೊಂದು ಸಂಬಂಧ ಇಲ್ಲ ಅಂತಿಟ್ಟರೆ, ಯಾವ ಕಾಯಿಲೆಯೂ ಇಲ್ಲದವರಿಗೆ ಕನಿಷ್ಠ ಒಂದಾದರೂ ಪಾಸಿಟಿವ್ ಬರುವ ಸಾಧ್ಯತೆ ಶೇ. 64. ಸುಸ್ತು, ಕೂದಲು ಉದುರುವಿಕೆ ಎಂದು ಹೋದವರಿಗೆ ಇದನ್ನು ಮಾರುವುದು ಅನುಮಾನವನ್ನು ಮಾರುವುದೇ ಸರಿ.

ಬಿಡಿಬಿಡಿಯಾಗಿ, ಕಾರಣ ಇದ್ದಾಗ, ಇವುಗಳಲ್ಲಿ ಅನೇಕವು ಉತ್ತಮ ಪರೀಕ್ಷೆಗಳು. ಕೀಲು ಊತಕ್ಕೆ ಆರ್‌ಎಫ್‌ಗಿಂತ (ರುಮಟಾಯ್ಡ್ ಫ್ಯಾಕ್ಟರ್) ಸಿಸಿಪಿ ಪ್ರತಿಕಾಯ ಹೆಚ್ಚು ನಿರ್ದಿಷ್ಟ; ಆರ್‌ಎಫ್ ಹೆಪಟೈಟಿಸ್-ಸಿ, ಬಾಯಿ–ಕಣ್ಣು ಒಣಗಿಸುವ ಶೋಗ್ರೆನ್ಸ್, ವಯಸ್ಸು ಇವುಗಳಿಂದಲೂ ಏರುತ್ತದೆ. ರುಮಟಾಯ್ಡ್ ಸಂಧಿವಾತದ 2010ರ ಮಾನದಂಡದಲ್ಲಿ ಇವೆರಡರಲ್ಲಿ ಒಂದು ಮೇಲ್ಮಿತಿಯ ಮೂರರಷ್ಟಕ್ಕಿಂತ ಹೆಚ್ಚಿದ್ದರೆ 3 ಅಂಕ, ಅದಕ್ಕೂ ಕಡಿಮೆ ಪಾಸಿಟಿವ್‌ಗೆ 2 ಅಂಕ. ಆದ್ದರಿಂದ ‘ಪಾಸಿಟಿವ್’ ಎಂಬ ಪದಕ್ಕಿಂತ ಅಂಕಿ ಮತ್ತು ಆ ಲ್ಯಾಬಿನ ಮೇಲ್ಮಿತಿ ಮುಖ್ಯ. ಸೀಲಿಯಾಕ್‌ಗೆ (ಗ್ಲುಟನ್‌ನಿಂದ ಕರುಳು ಕೆಡುವ ಕಾಯಿಲೆಗೆ) ಟಿಟಿಜಿ-ಐಜಿಎ ಮಾಡಿಸುವಾಗ ಒಟ್ಟು ಐಜಿಎ (ಒಂದು ಬಗೆಯ ಪ್ರತಿಕಾಯ) ಜೊತೆಗಿರಬೇಕು. ಹುಟ್ಟಿನಿಂದ ಐಜಿಎ ಕೊರತೆ ಇರುವವರಲ್ಲಿ ಈ ಪರೀಕ್ಷೆ ನೆಗೆಟಿವ್ ಬಂದರೆ ಅದಕ್ಕೆ ಅರ್ಥವೇ ಇಲ್ಲ. ಪರೀಕ್ಷೆಗೆ ಮೊದಲೇ ಗ್ಲುಟನ್ ಬಿಟ್ಟಿದ್ದರೂ ಅದೇ ಕಥೆ. ಕಾರ್ಡಿಯೋಲಿಪಿನ್ ಮುಂತಾದ ಫಾಸ್ಫೋಲಿಪಿಡ್ ಪ್ರತಿಕಾಯಗಳು ಕನಿಷ್ಠ 12 ವಾರ ಬಿಟ್ಟು ಮತ್ತೆ ಪಾಸಿಟಿವ್ ಬಂದರೆ ಮಾತ್ರ ಲೆಕ್ಕ, ಸೋಂಕಿನ ನಂತರ ಅವು ಬಂದು ಹೋಗುತ್ತವೆ. ಪಿ-ಆಂಕಾ (ಬಿಳಿ ರಕ್ತಕಣಗಳ ವಿರುದ್ಧದ ಪ್ರತಿಕಾಯ) ಸ್ಲೈಡ್ ಓದುವಾಗ ಎಎನ್‌ಎ ಇರುವ ಸೀರಮ್ ಸುಲಭವಾಗಿ ದಾರಿ ತಪ್ಪಿಸುತ್ತದೆ. ಆಂಕಾದ ಗುರಿಗಳಾದ ಎಂಪಿಓ, ಪಿಆರ್-3 ವಿರುದ್ಧದ ಪ್ರತಿಕಾಯಗಳನ್ನು ನೇರವಾಗಿ ಅಳೆಯುವುದೇ ಮೊದಲ ಹೆಜ್ಜೆ ಎಂದು 2017ರ ಒಮ್ಮತದ ಹೇಳಿಕೆಯೂ ಹೇಳುತ್ತದೆ.

ಕೂದಲು, ಉಗುರಿಗೆ ಎಂದು ನುಂಗುವ ಬಯೋಟಿನ್ ಮಾತ್ರೆ ಇಲ್ಲಿ ದೊಡ್ಡ ತಲೆನೋವು. ಸ್ಟ್ರೆಪ್ಟಾವಿಡಿನ್–ಬಯೋಟಿನ್ ಜೋಡಿಯ ಮೇಲೆ ನಿಂತಿರುವ ಸ್ವಯಂಚಾಲಿತ ಯಂತ್ರಗಳಲ್ಲಿ, ಸ್ಪರ್ಧಾತ್ಮಕ ವಿಧಾನದ ಫಲಿತಾಂಶ ಸುಳ್ಳಾಗಿ ಏರುತ್ತದೆ, ಸ್ಯಾಂಡ್‌ವಿಚ್ ವಿಧಾನದ್ದು ಸುಳ್ಳಾಗಿ ಇಳಿಯುತ್ತದೆ. ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು, ಟಿಎಸ್‌ಎಚ್ ರಿಸೆಪ್ಟರ್ ಪ್ರತಿಕಾಯ ಪಾಸಿಟಿವ್: ಹಾಳೆಯ ಮೇಲೆ ಗ್ರೇವ್ಸ್ ಎಂಬ ಥೈರಾಯ್ಡ್ ಕಾಯಿಲೆಯ ಪಕ್ಕಾ ಚಿತ್ರ, ದೇಹದಲ್ಲಿ ಏನೂ ಇಲ್ಲ. ರಕ್ತ ಕೊಡುವ ಮುನ್ನ ಎಷ್ಟು ದಿನ ಬಯೋಟಿನ್ ನಿಲ್ಲಿಸಬೇಕು ಎಂಬುದು ಪ್ರಮಾಣವನ್ನೂ ಯಂತ್ರವನ್ನೂ ಅವಲಂಬಿಸಿದೆ. ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ರಕ್ತ ತೆಗೆಯುವವರಿಗೆ ಹೇಳಿ, ಲ್ಯಾಬ್ ಕೇಳದಿದ್ದರೂ. ಹೈಡ್ರಲಜೀನ್, ಪ್ರೊಕೈನಮೈಡ್, ಐಸೋನಿಯಜಿಡ್, ಮಿನೋಸೈಕ್ಲಿನ್, ಟಿಎನ್‌ಎಫ್ ತಡೆಯುವ ಔಷಧಗಳನ್ನೂ ಹೇಳಿ; ಇವು ನಿಜವಾಗಿಯೂ ಎಎನ್‌ಎ ಹುಟ್ಟಿಸುತ್ತವೆ. ರಕ್ತನಾಳಕ್ಕೆ ಇಮ್ಯುನೋಗ್ಲಾಬ್ಯುಲಿನ್ ಕೊಡಿಸಿಕೊಂಡಿದ್ದರೆ ದಾನಿಗಳ ಪ್ರತಿಕಾಯಗಳೇ ಕೆಲವು ವಾರ ವರದಿಯಲ್ಲಿ ಕಾಣಿಸಿಕೊಳ್ಳಬಹುದು.

ಕೊಳ್ಳುವವರಿಗೆ

ಲ್ಯಾಬ್ ನಡೆಸುವವರಿಗೆ: ಮಾದರಿಗಳು ವಾರಕ್ಕೆ ಬೆರಳೆಣಿಕೆಯಷ್ಟಾದರೆ ಸ್ಲೈಡ್ ಕಿಟ್ ಕೊಳ್ಳಬೇಡಿ, ಹೊರಗೆ ಕಳಿಸಿ. ಪ್ರತಿ ಸಲ ಎರಡು ಬಾವಿ ಕಂಟ್ರೋಲ್‌ಗೇ ಹೋಗುತ್ತವೆ, ಓದುವ ಕಣ್ಣೂ ಪಳಗುವುದಿಲ್ಲ. ಮಾದರಿ ಸಾಕಷ್ಟಿದ್ದರೆ ಸ್ಲೈಡ್ ಮೊದಲು, ಪ್ಯಾಟರ್ನ್‌ಗೆ ತಕ್ಕಂತೆ ಸ್ಟ್ರಿಪ್ ಅಥವಾ ಬಿಡಿ ಎಲಿಸಾ ಆಮೇಲೆ. ಕೊಳ್ಳುವ ಮುನ್ನ ಒಂದು ಸ್ಯಾಂಪಲ್ ಸ್ಲೈಡ್ ತರಿಸಿ, ಒಂದು ನೋಟದಲ್ಲಿ ಎಷ್ಟು ವಿಭಜನೆಯ ಕೋಶ ಸಿಗುತ್ತವೆ ಎಣಿಸಿ. ಹುಡುಕಾಡಬೇಕಾದ ಸ್ಲೈಡ್ ಎಷ್ಟು ಅಗ್ಗವಾದರೂ ಬೇಡ.

ಪರೀಕ್ಷೆ ಮಾಡಿಸುವವರಿಗೆ: ವಿಧಾನ, ಆರಂಭದ ದುರ್ಬಲೀಕರಣ, ಟೈಟರ್, ಪ್ಯಾಟರ್ನ್ ಈ ನಾಲ್ಕೂ ವರದಿಯಲ್ಲಿ ಬರುತ್ತವೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ. ಖಾಲಿ ಹೊಟ್ಟೆ ಬೇಕಿಲ್ಲ. ತೀರಾ ಜಿಡ್ಡಿನ ಊಟದ ಬೆನ್ನಿಗೇ ಹೋಗದಿದ್ದರೆ ಸಾಕು, ಕೊಬ್ಬಿನಿಂದ ಬೆಳ್ಳಗಾದ ಸೀರಮ್ ಕೆಲಸ ಕೆಡಿಸುತ್ತದೆ. ಬೇರ್ಪಡಿಸಿದ ಸೀರಮ್ 2ರಿಂದ 8 ಡಿಗ್ರಿಯಲ್ಲಿ ಕೆಲವು ದಿನ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಎಎನ್‌ಎ ಒಂದನ್ನೇ ಮೊದಲು ಮಾಡಿಸಿ, ಉಳಿದ ಸೀರಮ್ಮನ್ನು ಎಷ್ಟು ದಿನ ಇಟ್ಟಿರುತ್ತಾರೆ ಎಂದು ಕೇಳಿಕೊಳ್ಳಿ. ಪಾಸಿಟಿವ್ ಬಂದು ವೈದ್ಯರು ಡಿಎಸ್-ಡಿಎನ್‌ಎ ಅಥವಾ ಸ್ಟ್ರಿಪ್ ಬೇಕೆಂದರೆ ಅದೇ ಟ್ಯೂಬಿನಿಂದ ಮಾಡಬಹುದು, ಇನ್ನೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲ.